ಎಂಬತ್ತೆರಡು ಕಿಲೋ

ಬೆಳಗಿನ ಆರು ಗಂಟೆಯ ಪಾಳಿಗೆ ನನ್ನ ಹತ್ತಿರ ಹನ್ನೆರಡು ಮಂದಿ ಹೆಂಗಸರು ಬರುತ್ತಿದ್ದರು. ಅವರಲ್ಲಿ ಹನ್ನೊಂದು ಮಂದಿ ತೂಕ ಇಳಿಸಲು ಬಂದವರು. ಒಬ್ಬಾಕೆ ಮಾತ್ರ ತೂಕ ಎತ್ತಲು ಬಂದವಳು.

ಬಂದ ದಿನ ಜಿಮ್ಮಿನ ಬಾಗಿಲಲ್ಲಿ ನಿಂತೇ ಕೇಳಿದಳು: "ಎಂಬತ್ತೆರಡು ಕಿಲೋ ಎತ್ತಬೇಕು ಅಂದ್ರೆ ಎಷ್ಟು ತಿಂಗಳು ಬೇಕಾಗುತ್ತೆ?"

ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದ ಇಬ್ಬರು ತಿರುಗಿ ನೋಡಿ ಮುಸಿಮುಸಿ ನಕ್ಕರು. ನನಗೂ ನಗು ಬಂತು. ವಯಸ್ಸು ನಲವತ್ತಾರು, ತೂಕ ಐವತ್ತೊಂದು, ಬೆನ್ನು ಸ್ವಲ್ಪ ಬಾಗಿತ್ತು. ಬೆರಳ ಸಂದುಗಳಲ್ಲಿ ತೊಳೆದರೂ ಹೋಗದ ಬಿಳಿ ಪುಡಿ.

"ಅಷ್ಟೊಂದು ಯಾಕಕ್ಕ? ಸ್ಪರ್ಧೆಗೆ ಹೋಗ್ತೀರಾ?" ಎಂದೆ.

"ಇಲ್ಲ. ನಮ್ಮನೆಯವರು ಅಷ್ಟು ತೂಗ್ತಾರೆ."

ನಗುತ್ತಿದ್ದವರು ಮುಖ ತಿರುಗಿಸಿ ನಡೆಯತೊಡಗಿದರು.

ಆಕೆ ಹತ್ತಿರದ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ವೈದ್ಯರ ಚೀಟಿ ನೋಡಿ ಗಾಜು ಆರಿಸುವುದು, ತಿರುಗುವ ಕಲ್ಲಿಗೆ ಹಿಡಿದು ಅಂಚು ಸವೆಸುವುದು, ಚೌಕಟ್ಟಿಗೆ ಕೂರಿಸುವುದು. ಇಪ್ಪತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತ ಜೀವ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೆರಳಿಗೆ ಗೊತ್ತಾಗುತ್ತಿತ್ತು. ಹತ್ತು ಕಿಲೋದ ಚೀಲ ಹಿಡಿದು ಒಂದು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ಬೀದಿಯವರೆಲ್ಲ ಕನ್ನಡಕದಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಗಂಡ ಮನೆ ಬದಲಿಸುವವರ ಸಾಮಾನು ಸಾಗಿಸುವ ಕೆಲಸದವನು. ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ನಾಲ್ಕು ಮಹಡಿ ಹತ್ತುತ್ತಿದ್ದನಂತೆ. ಅದಕ್ಕೆ ಜೊತೆಯವರು ಬೀರಣ್ಣ ಎಂದು ಹೆಸರಿಟ್ಟಿದ್ದರು. ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಬಿಗಿದ ಪಟ್ಟಿ ಹರಿದು ಬೀರು ಅವನ ಮೇಲೆಯೇ ಬಂತು. ಕುತ್ತಿಗೆಯ ಬುಡದಲ್ಲಿ ಬೆನ್ನುಹುರಿ ಜಜ್ಜಿಹೋಯಿತು. ಭುಜ ಆಡುತ್ತಿತ್ತು, ಮೊಣಕೈ ಅಷ್ಟಿಷ್ಟು ಮಡಚುತ್ತಿತ್ತು, ಬೆರಳು ಮುಚ್ಚುತ್ತಿರಲಿಲ್ಲ. ಎದೆಯಿಂದ ಕೆಳಗೆ ಏನೂ ಇಲ್ಲ.

ಬೆಳಿಗ್ಗೆ ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಸಂಜೆ ಮತ್ತೆ ಹಾಸಿಗೆಗೆ. ಇಷ್ಟು ದಿನ ಅವನ ತಮ್ಮ ಬಂದು ಎತ್ತುತ್ತಿದ್ದ. ಅವನದೂ ಅದೇ ಕೆಲಸ, ಅದೇ ಹೊರೆ. ಈಗ ಅವನ ಬೆನ್ನಿನ ಬಿಲ್ಲೆ ಜಾರಿತ್ತು.

"ಮೈದುನ ಹೇಳಿಬಿಟ್ಟ," ಎಂದಳು ಕನ್ನಡಕದಕ್ಕ. "ಅತ್ತಿಗೆ, ಇನ್ನು ನಾಲ್ಕು ತಿಂಗಳು ಹೇಗೋ ಬರ್ತೀನಿ, ಆಮೇಲೆ ನನ್ನ ಕೈಲಾಗಲ್ಲ ಅಂದ. ಅವನನ್ನ ಬೈಯ್ಯೋಕಾಗಲ್ಲ. ವರ್ಷದ ಮೇಲಿಂದ ಬರ್ತಿದಾನೆ ಪಾಪ."

ರೋಗಿಗಳನ್ನು ಎತ್ತುವ ಸಲಕರಣೆಯೊಂದನ್ನು ಆಸ್ಪತ್ರೆಯವರು ತೋರಿಸಿದ್ದರಂತೆ. ಅದರ ಕಾಲು ಅವರ ಮಂಚದ ಕೆಳಗೆ ತೂರುತ್ತಿರಲಿಲ್ಲ, ಬಚ್ಚಲ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ನೋಡಿಕೊಳ್ಳಲು ಬಂದ ಇಬ್ಬರು ವಾರಕ್ಕೊಬ್ಬರಂತೆ ಬಿಟ್ಟುಹೋಗಿದ್ದರು. ಉಳಿದದ್ದು ಆಕೆಯ ಎರಡು ಕೈ.

"ನಾಲ್ಕು ತಿಂಗಳಲ್ಲಿ ಆಗುತ್ತಾ?"

"ಪ್ರಯತ್ನ ಮಾಡೋಣ," ಎಂದೆ.

ನಮ್ಮ ಮಾಲೀಕನದೊಂದು ಕಟ್ಟಪ್ಪಣೆ ಇತ್ತು: ಹೊಸಬರಿಗೆ ಮೊದಲ ಆರು ತಿಂಗಳು ಯಂತ್ರ ಮಾತ್ರ. ಪಿನ್ನು ಹಾಕು, ಕೂರು, ತಳ್ಳು. ಉದ್ದ ಕಬ್ಬಿಣದ ಬಾರು, ಡಂಬೆಲ್ಲುಗಳ ಮೂಲೆಗೆ ಹೊಸಬರು ಕಾಲಿಡಬಾರದು. ಅವನ ಮಾತಿನಲ್ಲಿ ತಥ್ಯ ಇಲ್ಲದಿರಲಿಲ್ಲ. ಯಂತ್ರದಲ್ಲಿ ತೂಕ ಒಂದೇ ದಾರಿಯಲ್ಲಿ ಹೋಗಿ ಬರುತ್ತದೆ, ಕೈ ಸೋತು ಬಿಟ್ಟರೂ ಮೈಮೇಲೆ ಬೀಳುವುದಿಲ್ಲ. ಭಯಪಡುವವರಿಗೆ ಭಯ ಬಿಡಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ನನಗೂ ಅದು ಅನುಕೂಲವೇ. ಹನ್ನೆರಡು ಮಂದಿಗೆ ನಾನೊಬ್ಬಳು. ಯಂತ್ರದ ಮೇಲೆ ಕೂರಿಸಿದರೆ ಅವರ ಪಾಡಿಗೆ ಅವರು.

ಆದರೆ ನಾನು ಕಲಿತದ್ದು ಹಾಗಲ್ಲ. ಹದಿನಾರನೇ ವಯಸ್ಸಿನಲ್ಲಿ ನನಗೆ ಭಾರ ಎತ್ತಲು ಕಲಿಸಿದಾಕೆ ಎರಡು ತಿಂಗಳು ಕೈಗೆ ಕಸಪೊರಕೆಯ ಕೋಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ನಿಲ್ಲುವುದನ್ನು ಕಲಿ, ಬಗ್ಗುವುದನ್ನು ಕಲಿ, ಆಮೇಲೆ ಕಬ್ಬಿಣ ಮುಟ್ಟು ಎನ್ನುತ್ತಿದ್ದಳು. ಕೈಗೆ ಬಂದ ಬಿಡಿ ತೂಕಕ್ಕೆ ತನ್ನದೇ ಇಷ್ಟ ಇರುತ್ತದೆ, ಅದು ಎತ್ತ ಓಲುತ್ತದೋ ಅತ್ತ ಮೈ ತಡೆಯಬೇಕು, ಆ ತಡೆಯುವ ಸ್ನಾಯುಗಳನ್ನು ಯಂತ್ರ ಎಬ್ಬಿಸುವುದೇ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಈಗ ಬರೆಯಲು ಕುಳಿತಾಗ ಮೊದಲು ಹೇಳಬೇಕಾದ ಮಾತು ಇದೇ.

ಕನ್ನಡಕದಕ್ಕನನ್ನು ಲೆಗ್ ಪ್ರೆಸ್ ಮೇಲೆ ಒರಗಿಸಿದೆ. ಓರೆಯಾಗಿ ಮಲಗಿ, ಎದುರಿನ ಹಲಗೆಯನ್ನು ಅಂಗಾಲಿನಿಂದ ತಳ್ಳುವ ಯಂತ್ರ. ಮೊದಲ ದಿನ ಇಪ್ಪತ್ತು ಕಿಲೋ. ನಂತರ ಎದೆಯಿಂದ ತಳ್ಳುವುದು, ಕೂತು ಎಳೆಯುವುದು. ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಐದೂವರೆಗೆ ಮೈದುನ ಬಂದು ಬೀರಣ್ಣನನ್ನು ಕುರ್ಚಿಗೆ ಕೂರಿಸಿದ ಕೂಡಲೇ ಮನೆ ಬಿಡುತ್ತಿದ್ದಳು. ಯಾರ ಜೊತೆಗೂ ಹರಟೆ ಇಲ್ಲ. ಒಂದೊಂದು ಸುತ್ತು ಮುಗಿದಾಗಲೂ ಜೇಬಿನಿಂದ ಹಳೆಯ ಕನ್ನಡಕದ ಚೀಟಿ ತೆಗೆದು ಅದರ ಹಿಂಬದಿಯಲ್ಲಿ ಅಂಕಿ ಗುರುತು ಹಾಕುವಳು. ಮೂವತ್ತೈದು. ಐವತ್ತು. ಅರವತ್ತೆರಡು. ಮೂರನೇ ತಿಂಗಳಿಗೆ ಬೆನ್ನು ನೆಟ್ಟಗಾಯಿತು. ಟ್ರೆಡ್‌ಮಿಲ್ಲಿನವರು ಈಗ ನಗುತ್ತಿರಲಿಲ್ಲ, "ಅಕ್ಕ, ಇವತ್ತೆಷ್ಟು?" ಎಂದು ಕೇಳುತ್ತಿದ್ದರು.

ನಾಲ್ಕನೇ ತಿಂಗಳ ಕೊನೆಯಲ್ಲಿ ಒಂದು ಶುಕ್ರವಾರ ಆಕೆ ತೊಂಬತ್ತು ಕಿಲೋ ತಳ್ಳಿದಳು. ಒಂದಲ್ಲ, ಎಂಟು ಸಲ. ಎದ್ದು ನಿಂತಾಗ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು.

"ತೊಂಬತ್ತು! ನಮ್ಮನೆಯವರಿಗಿಂತ ಎಂಟು ಜಾಸ್ತಿ. ಇನ್ನು ಎತ್ತಬಹುದು ತಾನೆ?"

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ತಳ್ಳಿದ ತೊಂಬತ್ತಕ್ಕೂ ನೆಲದಿಂದ ಎತ್ತುವ ತೊಂಬತ್ತಕ್ಕೂ ಸಂಬಂಧ ಕಡಿಮೆ ಎಂದು ಆಗ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂತು ಕೂಡ. ಆ ಮುಖ ನೋಡಿ ನುಂಗಿಕೊಂಡೆ.

"ಎತ್ತಬಹುದು ಅಕ್ಕ," ಎಂದೆ.

ಭಾನುವಾರ ಬೆಳಿಗ್ಗೆ ಆಕೆ ಮೈದುನನಿಗೆ ಬರಬೇಡ ಎಂದು ಹೇಳಿ ಕಳಿಸಿದಳು. ಮುಂದಿನದನ್ನು ಗಂಡ ಹೆಂಡತಿ ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.

ಮಂಚದ ಅಂಚಿಗೆ ಅವನನ್ನು ಕೂರಿಸಿ, ಕಂಕುಳ ಕೆಳಗೆ ಕೈ ತೂರಿಸಿ ಬೆನ್ನ ಹಿಂದೆ ಬೆರಳು ಹೆಣೆದಳು.

"ಸಿದ್ಧಾನಾ?"

"ನಾನೇನು ಸಿದ್ಧ ಆಗೋದು? ನೀನಾಗು."

ಕಾಲು ಒತ್ತಿ ಎದ್ದಳು. ಅವನೂ ಎದ್ದ. ಒಂದೂವರೆ ವರ್ಷದ ಮೇಲೆ ಹೆಂಡತಿಯ ತಲೆ ಅವನ ಗಲ್ಲದ ಕೆಳಗೆ ಬಂತು. "ಬಂದೆ ಕಣೆ, ಬಂದುಬಿಟ್ಟೆ!" ಎಂದು ಕೂಗಿದನಂತೆ. ಅಷ್ಟರಲ್ಲಿ ಅವನ ಎಡಗಾಲು ಜಾಡಿಸಿತು. ಸತ್ತ ಕಾಲುಗಳು ಹೀಗೆ ಒಮ್ಮೊಮ್ಮೆ ತಮ್ಮಷ್ಟಕ್ಕೆ ತಾವೇ ಸೆಟೆದು ಒದೆಯುತ್ತವೆ, ಅವನ ಹಿಡಿತದಲ್ಲಿಲ್ಲ. ಎಂಬತ್ತೆರಡು ಕಿಲೋ ಎಡಕ್ಕೆ ವಾಲಿತು. ಮುಂದಕ್ಕೆ ತಳ್ಳುವ ಬಲ ಆಕೆಯ ಕಾಲಲ್ಲಿ ಬೇಕಾದಷ್ಟಿತ್ತು. ಪಕ್ಕಕ್ಕೆ ತಡೆಯುವ ಬಲ ಎಳ್ಳಷ್ಟೂ ಇರಲಿಲ್ಲ. ಇಬ್ಬರೂ ಒಟ್ಟಿಗೆ ಉರುಳಿದರು. ಅವನ ಕಾಲು ಕುರ್ಚಿಯ ಗಾಲಿಗೆ ಸಿಕ್ಕಿ ಮೈಯ ಕೆಳಗೆ ಮಡಚಿತು.

"ನೋವಾಯ್ತಾ?" ಎಂದು ಕಿರುಚಿದಳು ಆಕೆ.

"ನನಗೆಲ್ಲಿ ನೋವು ಮಾರಾಯ್ತಿ? ಆ ಇಲಾಖೆ ಮುಚ್ಚಿ ಒಂದೂವರೆ ವರ್ಷ ಆಯ್ತು."

ನೆಲದ ಮೇಲೆ ಬಿದ್ದುಕೊಂಡೇ ಇಬ್ಬರಿಗೂ ನಗು ಬಂತಂತೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು. ಮಾಡಿನ ಮೂಲೆಯಲ್ಲಿ ಜೇಡರ ಬಲೆ ಇದೆ, ಎಷ್ಟು ದಿನದಿಂದ ಗುಡಿಸಿಲ್ಲ ನೀನು ಎಂದು ಅವನು ಛೇಡಿಸಿದ. ಮುಕ್ಕಾಲು ಗಂಟೆ ಹಾಗೆ ಮಲಗಿದ್ದರು. ಕೊನೆಗೆ ಆಕೆ ಮೈದುನನಿಗೆ ಫೋನ್ ಮಾಡಿದಳು. ಅವನು ಬಂದು, ಬೆನ್ನು ಹಿಡಿದುಕೊಂಡು, ಅಣ್ಣನನ್ನು ಎತ್ತಿ ಮಲಗಿಸಿ ಹೋದ.

ಮಂಗಳವಾರ ಮೈ ಒರೆಸುವಾಗ ಎಡತೊಡೆ ಎರಡರಷ್ಟು ದಪ್ಪಗಾಗಿ ಕೆಂಡದಂತೆ ಸುಡುತ್ತಿತ್ತು. ಜ್ವರವೂ ಏರಿತ್ತು. ತೊಡೆಯ ಮೂಳೆ ಮುರಿದು ಎರಡು ದಿನವಾಗಿತ್ತು. ಓಡಾಡದ ಕಾಲಿನ ಮೂಳೆ ಒಳಗೊಳಗೇ ಪೊಳ್ಳಾಗುತ್ತದೆ, ಕಂಬಿ ಹಾಕಿದರೆ ಹಿಡಿಯುವುದಿಲ್ಲ ಎಂದರು ವೈದ್ಯರು. ಕಾಲಿಗೆ ದಬ್ಬೆ ಕಟ್ಟಿ ಎಂಟು ವಾರ ಹಾಸಿಗೆಯಲ್ಲೇ ಇರಿಸಲು ಹೇಳಿದರು. ಮೂರನೇ ವಾರಕ್ಕೆ ಬೆನ್ನ ಬುಡದಲ್ಲಿ ಚರ್ಮ ಕಪ್ಪಾಯಿತು. ನಾಲ್ಕನೇ ವಾರಕ್ಕೆ ಅದು ಹುಣ್ಣಾಗಿ ಬಾಯಿ ಬಿಟ್ಟಿತು.

ಆಕೆ ಮತ್ತೆ ಜಿಮ್ಮಿಗೆ ಬಂದದ್ದು ಬಿದ್ದು ಹತ್ತೊಂಬತ್ತು ದಿನ ಕಳೆದ ಮೇಲೆ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ಯಂತ್ರ ಅಲುಗಾಡಲ್ಲ," ಎಂದಳು. "ಅವರು ಅಲುಗಾಡ್ತಾರೆ. ಇದನ್ನ ಹೇಗೆ ಕಲಿಯೋದು?"

"ನನ್ನದೇ ತಪ್ಪು ಅಕ್ಕ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ."

ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. ಗಾಜಿನಲ್ಲಿ ಗೀರು ಹುಡುಕುವವರು ನೋಡುವ ಹಾಗೆ.

"ಹಾಗಾದ್ರೆ ಈಗ ಹೇಳ್ಕೊಡಿ."

ಮಾಲೀಕನ ಹತ್ತಿರ ಹೋಗಿ ಬಿಡಿ ತೂಕದ ಮೂಲೆ ಕೇಳಿದೆ. ಅವನು ಆಗಲ್ಲ ಎಂದು ತಲೆಯಾಡಿಸಿದ. "ಅಭ್ಯಾಸ ಇಲ್ಲದವರು. ಬಿದ್ದು ಗಿದ್ದು ಕೈಕಾಲು ಮುರ್ಕೊಂಡ್ರೆ ಜಿಮ್ಮು ಮುಚ್ಚಬೇಕಾಗುತ್ತೆ."

"ಮುರಿದಾಯ್ತು ಸಾರ್," ಎಂದೆ.

ಅವನಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಹಾಗಾಗಿ ನಮ್ಮ ಪಾಠ ಕನ್ನಡಕದ ಅಂಗಡಿಯ ಹಿತ್ತಿಲಿಗೆ ಹೋಯಿತು. ಮಧ್ಯಾಹ್ನದ ಬಿಡುವಿನಲ್ಲಿ ನಲವತ್ತು ನಿಮಿಷ. ಒಂದು ಕಡೆ ಖಾಲಿ ಪೆಟ್ಟಿಗೆಗಳ ರಾಶಿ, ಇನ್ನೊಂದು ಕಡೆ ಸೋರುವ ನಲ್ಲಿ, ನಡುವೆ ಹಾಸುಗಲ್ಲು ಹಾಕಿದ ಎಂಟು ಹೆಜ್ಜೆ ಜಾಗ. ಮೊದಲ ವಾರ ಕಸಪೊರಕೆಯ ಕೋಲು. ಬೆನ್ನಿಗೆ ಕೋಲು ಹಿಡಿದು ಸೊಂಟದಲ್ಲಿ ಬಗ್ಗುವುದು, ಏಳುವುದು. ಎರಡನೇ ವಾರ ಎಂಟು ಕಿಲೋದ ಡಂಬೆಲ್ ಎದೆಗೊತ್ತಿ ಹಿಡಿದು ಕುಕ್ಕುರಗಾಲಲ್ಲಿ ಕೂತು ಎದ್ದಾಗ ತೊಂಬತ್ತು ತಳ್ಳಿದ ಕಾಲು ಎಲೆಯ ಹಾಗೆ ನಡುಗಿತು. ಮಂಡಿ ಒಳಗೆ ವಾಲಿತು, ಹಿಮ್ಮಡಿ ಮೇಲೆದ್ದಿತು.

"ಇದೇನಿದು, ಎಂಟಕ್ಕೇ ಹೀಗಾ?" ಆಕೆಗೆ ಅವಮಾನವಾಗಿತ್ತು. "ನಾಲ್ಕು ತಿಂಗಳು ನೀರಲ್ಲಿ ಹೋಮ ಆಯ್ತಾ ಹಾಗಾದ್ರೆ?"

ಆಗಿರಲಿಲ್ಲ. ಅದೂ ಸತ್ಯವೇ, ಹೇಳದಿದ್ದರೆ ಅನ್ಯಾಯವಾಗುತ್ತದೆ. ತೊಡೆಯಲ್ಲಿ ಕೂಡಿಟ್ಟ ಬಲ ಅಲ್ಲೇ ಇತ್ತು. ಅದನ್ನು ನೇರವಾಗಿ ಹಿಡಿದು ನಿಲ್ಲಿಸುವ ಸಣ್ಣ ಸ್ನಾಯುಗಳು ಮಾತ್ರ ಮಲಗಿದ್ದವು. ಅವು ಎದ್ದ ಮೇಲೆ ಆಕೆ ಬೇರೆ ಹೊಸಬರಿಗಿಂತ ಬೇಗ ಮುಂದೆ ಹೋದಳು. ಎಂಟು ಹದಿನಾರಾಯಿತು. ಹಾಸುಗಲ್ಲಿನ ಮೇಲೆ ಕಬ್ಬಿಣದ ಬಾರು ಬಂತು, ಅದರ ಎರಡು ತುದಿಗೆ ಬಿಲ್ಲೆಗಳು ಬಂದವು. ನಡುವೆ ಒಮ್ಮೆ ಬಲಭುಜ ಹಿಡಿದುಕೊಂಡಿತು. ಆಗ ನಾನೇ ಆಕೆಯನ್ನು ಮೂರು ವಾರ ಬೆಳಿಗ್ಗೆ ಜಿಮ್ಮಿಗೆ ಕರೆಸಿ ಕೂತು ಎಳೆಯುವ ಯಂತ್ರದ ಮೇಲೆ ಕೂರಿಸಿದೆ. ನೋಯುವ ಕೀಲಿಗೆ ಅಲುಗದ ದಾರಿಯೇ ಬೇಕಿತ್ತು. ಯಂತ್ರವನ್ನು ಬೈದು ನಾನು ಪಾರಾಗುವಂತಿರಲಿಲ್ಲ.

ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಎರಡು ಕೋಣೆ, ಒಂದು ಕಿಟಕಿ. ಕಿಟಕಿ ಮಂಚದ ತಲೆಯ ಹಿಂದಿತ್ತು, ಮಲಗಿದವನಿಗೆ ಕಾಣುತ್ತಿರಲಿಲ್ಲ. ಔಷಧಿಯ ವಾಸನೆ, ಅದರಡಿಯಲ್ಲಿ ಹುಣ್ಣಿನ ವಾಸನೆ. ಬೀರಣ್ಣ ಮೊದಲ ದಿನ ನನ್ನನ್ನು ನೋಡಿ, "ನೀವೇನಾ ನನ್ನ ಹೆಂಡತೀನ ಪೈಲ್ವಾನ್ ಮಾಡ್ತಿರೋರು?" ಎಂದ. ಕ್ಷಮೆ ಕೇಳಲು ಬಾಯಿ ತೆರೆದೆ. "ಬೇಡ ಬಿಡಿ," ಎಂದ. "ಇಪ್ಪತ್ತೆರಡು ವರ್ಷದಲ್ಲಿ ನಾನೂ ಎಷ್ಟೋ ಜನರ ಸಾಮಾನು ಮುರಿದಿದೀನಿ."

ಕೆಲಸದ ಗುಟ್ಟು ಅವನಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ನಾನು ಎತ್ತಿದ್ದೆಲ್ಲ ಸಮತೂಕದ ಕಬ್ಬಿಣ. ಅವನು ಎತ್ತಿದ್ದು ಮೂಲೆ ಕೊಂಕಿದ, ಬಾಗಿಲು ತೆರೆದುಕೊಳ್ಳುವ, ಒಳಗೆ ಬಟ್ಟೆ ಜರುಗುವ ಭಾರ. ಮಲಗಿದಲ್ಲಿಂದಲೇ ಹೆಂಡತಿಗೆ ಹೇಳಿಕೊಡುತ್ತಿದ್ದ. ಗೋಣಿಚೀಲಕ್ಕೆ ಮರಳು ತುಂಬಿ, ಅರ್ಧ ಖಾಲಿ ಬಿಟ್ಟು ಕಟ್ಟಲು ಹೇಳಿದ್ದೂ ಅವನೇ. ಎತ್ತಿದಾಗ ಮರಳು ಸರಕ್ಕನೆ ಒಂದು ಕಡೆ ಜಾರಬೇಕು, ಮೈ ಅದಕ್ಕೆ ಒಗ್ಗಬೇಕು.

"ಮೊದಲು ಅಪ್ಪಿಕೋ. ದೂರ ಹಿಡಿದ್ರೆ ಅದೇ ನಿನ್ನ ಎತ್ತುತ್ತೆ."

"ಅಪ್ಪಿಕೊಂಡಿದೀನಲ್ಲ."

"ಅದು ಅಪ್ಪಿಕೊಳ್ಳೋದಾ? ಮದುವೆಯಾದ ಹೊಸದರಲ್ಲೂ ಹೀಗೇ, ಅರ್ಧ ಗೇಣು ದೂರ."

"ಮೇಡಂ ಇದಾರೆ, ಬಾಯಿಗೆ ಬೀಗ ಹಾಕಿ."

"ಬಾಯಿ ಒಂದೇ ಕಣೆ ಉಳಿದಿರೋದು."

ಹೀಗೆ ನಡೆಯುತ್ತಿತ್ತು. ಆದರೆ ಎಲ್ಲ ಭಾನುವಾರವೂ ಹಾಗಿರುತ್ತಿರಲಿಲ್ಲ. ಕೆಲವು ದಿನ ಅವನು ಗೋಡೆಯ ಕಡೆ ಮುಖ ಮಾಡಿ ಮಾತೇ ಆಡುತ್ತಿರಲಿಲ್ಲ. ಒಮ್ಮೆ ಆಕೆ ಮರಳ ಮೂಟೆ ಇಳಿಸುವಾಗ ದೊಪ್ಪೆಂದು ಸದ್ದಾಯಿತು. "ಬಿಸಾಕು, ಬಿಸಾಕು! ಅಭ್ಯಾಸ ಇದೆಯಲ್ಲ!" ಎಂದ. ಆಕೆ ಮೂಟೆಯನ್ನು ಮತ್ತೆ ಎತ್ತಿ, ಸದ್ದಾಗದಂತೆ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ನಾನು ಸಾಕು ಎಂದರೂ ನಿಲ್ಲಿಸಲಿಲ್ಲ.

ಅಷ್ಟು ದಿನವೂ ಮೈದುನ ಬರುತ್ತಿದ್ದ. ಬರಲಾರೆ ಎಂದಿದ್ದವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬರುತ್ತಿದ್ದ. ಅತ್ತಿಗೆಯನ್ನು ಮಾತಾಡಿಸುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿರಲಿಲ್ಲ. ಅಣ್ಣನನ್ನು ಮಗ್ಗುಲು ಹೊರಳಿಸಿ, ಹುಣ್ಣಿಗೆ ಔಷಧಿ ಹಚ್ಚಲು ಹಿಡಿದುಕೊಂಡು, ಹೋಗಿಬಿಡುತ್ತಿದ್ದ.

ಮೂಳೆ ಕೂಡಿತು. ಬಿದ್ದ ಆರನೇ ತಿಂಗಳಿಗೆ ಆಕೆ ಮತ್ತೆ ಗಂಡನನ್ನು ಎತ್ತಿದಳು. ಆ ದಿನ ನಾನು ಪಕ್ಕದಲ್ಲೇ ನಿಂತಿದ್ದೆ, ಕೈ ಚಾಚಿಕೊಂಡು. ಅವನ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿದ್ದೆವು. ಆಕೆ ತನ್ನ ಮಂಡಿಗಳನ್ನು ಅವನ ಮಂಡಿಗಳಿಗೆ ಆನಿಸಿ, ಬೆಲ್ಟು ಹಿಡಿದು, ಎದೆಗೆ ಎದೆ ಕೊಟ್ಟು, ಮೇಲೆತ್ತುವ ಗೋಜಿಗೆ ಹೋಗದೆ ತನ್ನ ಮೈಯನ್ನೇ ಹಿಂದಕ್ಕೆ ತೂಗಿದಳು. ಅವನು ಮಂಚದಿಂದ ಏಳುತ್ತಿದ್ದಂತೆ ಎಡಗಾಲು ಜಾಡಿಸಿತು. ಆಕೆ ಕದಲಲಿಲ್ಲ. ಒದೆತ ಮುಗಿಯುವವರೆಗೆ ಹಾಗೇ ನಿಂತು, ಆಮೇಲೆ ಪಾದ ತಿರುಗಿಸಿ ಅವನನ್ನು ಕುರ್ಚಿಗೆ ಇಳಿಸಿದಳು. ಹೂ ಇಟ್ಟ ಹಾಗೆ.

ಆಕೆ ಕುರ್ಚಿಯನ್ನು ಕಿಟಕಿಗೆ ತಳ್ಳಿದಳು. ಎದುರು ಮನೆಯ ಗೋಡೆಗೆ ಹೊಸ ಬಣ್ಣ ಹೊಡೆಯುತ್ತಿದ್ದರು. ಬೀರಣ್ಣ ಅದನ್ನೇ ನೋಡುತ್ತಾ ಕೂತ.

ನಾನು ಮನೆಗೆ ಹೋಗುವ ದಾರಿಯಲ್ಲಿ ಅತ್ತೆ. ಸಂತೋಷಕ್ಕೆ ಅಂದುಕೊಂಡೆ. ಈಗ ಖಾತ್ರಿ ಇಲ್ಲ. ಎತ್ತುವಾಗ ಆಕೆಗೆ ಅಷ್ಟು ಸುಲಭವಾದದ್ದು ನನಗೆ ಕಂಡಿತ್ತು. ಅಂಗಿಯೊಳಗೆ ಅವನ ಭುಜದ ಮೂಳೆ ಎದ್ದಿದ್ದೂ ಕಂಡಿತ್ತು.

ಹುಣ್ಣು ಮಾಯಲಿಲ್ಲ. ಮೇಲೆ ಮುಚ್ಚಿದಂತೆ ಕಂಡು ಒಳಗೆ ಇಳಿಯಿತು. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ಊಟ ಎರಡು ತುತ್ತಿಗೆ ಬಂತು. ಆಸ್ಪತ್ರೆಗೆ ಹೋದಾಗಲೆಲ್ಲ ಕುರ್ಚಿ ಸಮೇತ ತೂಗುತ್ತಿದ್ದರು, ಕುರ್ಚಿಯ ತೂಕ ಕಳೆಯುತ್ತಿದ್ದರು. ಎಪ್ಪತ್ತೊಂದು. ಅರವತ್ತಾರು. ಐವತ್ತೆಂಟು. ಆಕೆ ಮಾತ್ರ ದಿನಕ್ಕೆ ನಾಲ್ಕು ಸಲ ಅವನನ್ನು ಎತ್ತುತ್ತಿದ್ದಳು. ತೋಳು ಹುರಿಗಟ್ಟಿತ್ತು, ಕುತ್ತಿಗೆ ದಪ್ಪವಾಗಿತ್ತು, ಹಳೆಯ ಅಂಗಿಗಳು ಭುಜದಲ್ಲಿ ಹಿಡಿಯುತ್ತಿದ್ದವು. ಮೈದುನ ಬರುವುದನ್ನು ನಿಲ್ಲಿಸಿದ್ದ.

ಒಂದು ಮಧ್ಯಾಹ್ನ ನಾನಿದ್ದಾಗಲೇ ಆಕೆ ಅವನನ್ನು ಮಂಚದಿಂದ ಎತ್ತಿ, ಬೆಲ್ಟಿಲ್ಲದೆ, ಮಗುವಿನ ಹಾಗೆ ಎರಡು ಕೈಯಲ್ಲಿ ಹೊತ್ತು ಬಚ್ಚಲಿಗೆ ಕರೆದೊಯ್ದಳು. ವಾಪಸು ಮಲಗಿಸಿದಾಗ ಆಕೆಗೆ ಉಸಿರೂ ಹೆಚ್ಚಿರಲಿಲ್ಲ.

"ಇವತ್ತು ಎಷ್ಟು ಸಲೀಸಾಯ್ತು ನೋಡಿದ್ರಾ ಮೇಡಂ?" ಎಂದಳು.

ಬೀರಣ್ಣ ಕಣ್ಣು ಮುಚ್ಚಿಕೊಂಡೇ ಹೇಳಿದ: "ನೀನು ಗಟ್ಟಿಯಾಗಿರೋದಲ್ಲ ಕಣೆ. ನಾನು ಖಾಲಿಯಾಗಿದೀನಿ."

ಆಕೆ ಹೊದಿಕೆಯ ಅಂಚು ಸರಿಮಾಡಿದಳು. ಮಾಡಿದ ಅಂಚನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದಳು.

ಹದಿನೇಳು ದಿನದ ಮೇಲೆ ಹುಣ್ಣಿನ ನಂಜು ರಕ್ತಕ್ಕೆ ಏರಿ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯಲ್ಲಿ ಅವನ ತೂಕ ಯಾರೂ ನೋಡಲಿಲ್ಲ.

ಮಾರನೆಯ ದಿನ ಮನೆ ತುಂಬ ಅವನ ಜೊತೆಯ ಕೆಲಸಗಾರರಿದ್ದರು, ಅಗಲ ಭುಜದ, ಮಾತು ಬಾರದ ಗಂಡಸರು. ಬಾಗಿಲ ಬಳಿ ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತಿದ್ದರು. ಕನ್ನಡಕದಕ್ಕ ಖಾಲಿ ಮಂಚದ ಪಕ್ಕ ನಿಂತಿದ್ದಳು. ಮೈದುನ ಒಳಗೆ ಬಂದವನು ಆ ಮಂಚ ನೋಡಿ, ಆಕೆಯನ್ನು ನೋಡಿ, ಎಲ್ಲರೂ ಕೇಳುವ ಹಾಗೆ ಹೇಳಿದ:

"ನೀನು ಬೀಳಿಸದೇ ಇದ್ದಿದ್ರೆ ಇವತ್ತು ಇರ್ತಿದ್ದ ಅತ್ತಿಗೆ."

ಆಕೆ ತಲೆ ಎತ್ತಲಿಲ್ಲ. ಇಲ್ಲ ಎನ್ನಲಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಎತ್ತಬಹುದು ಎಂದು ಹೇಳಿದ್ದು ನಾನು, ಅವಳಲ್ಲ: ಹೇಳಬೇಕಿದ್ದದ್ದು ಇಷ್ಟೇ ಮಾತು. ಅಷ್ಟು ಜನರ ಮುಂದೆ ನನಗೆ ನಾಲಿಗೆ ಏಳಲಿಲ್ಲ. ಯಾರೋ ಮೈದುನನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು.

ಹತ್ತು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಹನ್ನೊಂದನೆಯ ದಿನ ಸಾಮಾನು ಸಾಗಿಸುವವರ ಶೆಡ್ಡು ಹುಡುಕಿಕೊಂಡು ಹೋದೆ. ಹಳೆ ಸೋಫಾಗಳು, ಸುತ್ತಿದ ಕಂಬಳಿಗಳು, ಹಗ್ಗದ ಸಿಂಬೆಗಳು. ಮೈದುನ ಈಗ ಹೊರುವ ಕೆಲಸ ಬಿಟ್ಟು ಲಾರಿಗಳು ಬಂದುಹೋಗುವ ಹೊತ್ತು ಬರೆದುಕೊಳ್ಳುತ್ತಿದ್ದ. ನಿಂತೇ ಎಲ್ಲ ಹೇಳಿದೆ: ಯಂತ್ರ, ತೊಂಬತ್ತು ಕಿಲೋ, ನನಗೆ ಗೊತ್ತಿದ್ದದ್ದು, ಗೊತ್ತಿದ್ದೂ ಹೇಳದೇ ಹೋದದ್ದು.

ಅವನು ಸೊಂಟದ ಪಟ್ಟಿ ಸಡಿಲಿಸಿಕೊಂಡು ಒಂದು ಮುರುಕು ಕುರ್ಚಿಯ ಮೇಲೆ ಕೂತ.

"ಅವಳು ನಿಮ್ಮ ಹತ್ರ ಯಾಕೆ ಬಂದ್ಲು?" ಎಂದು ಕೇಳಿದ.

"ಎತ್ತೋದು ಕಲಿಯೋಕೆ."

"ಕಲಿಯೋದು ಯಾಕೆ ಬೇಕಾಯ್ತು? ನಾನು ಬರಲ್ಲ ಅಂದಿದ್ದಕ್ಕೆ." ಅವನು ಕೈ ನೋಡಿಕೊಂಡ. "ಡಾಕ್ಟರು ಬೇಡ ಅಂದಿದ್ರು, ನಿಜ. ಆದರೆ ಬರೋಕಾಗ್ತಿತ್ತು. ಆಮೇಲೆ ಬಂದೆನಲ್ಲ, ಆರು ತಿಂಗಳು? ಬೆನ್ನು ಮುರೀಲಿಲ್ಲವಲ್ಲ? ನನಗೆ ಸಾಕಾಗಿತ್ತು ಮೇಡಂ. ದಿನಾ ಬೆಳಿಗ್ಗೆ ಎದ್ದು ಅಣ್ಣನ ಉಚ್ಚೆ ವಾಸನೆ ಸಾಕಾಗಿತ್ತು. ಬೆನ್ನು ಅಂತ ಒಂದು ನೆಪ ಇತ್ತು, ಹೇಳಿದೆ."

"ಅದನ್ನ ಅವರಿಗೆ ಹೇಳ್ತೀರಾ?"

"ನೀವು ಅವತ್ತು ಮನೇಲಿ ಹೇಳಿದ್ರಾ?"

ಬಂದ ದಾರಿಯಲ್ಲೇ ಹಿಂತಿರುಗಿದೆ.

ಅವನು ಹೇಳಲಿಲ್ಲ. ಕೊನೆಗೆ ನಾನೇ ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಅವನು ಆಡಿದ್ದನ್ನೂ ನಾನು ಅವನಿಗೆ ಹೇಳಿದ್ದನ್ನೂ ಒಂದೂ ಬಿಡದೆ ಒಪ್ಪಿಸಿದೆ. ಕಲ್ಲು ತಿರುಗುತ್ತಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಆಕೆ ಕೈಯಲ್ಲಿದ್ದ ಗಾಜನ್ನು ಕಲ್ಲಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕಲ್ಲಿಗೆ ಹಿಡಿದಳು.

"ನೀವೂ ಅವನೂ ಕೂತು ಹಂಚಿಕೊಳ್ಳಿ," ಎಂದಳು. "ನನಗೆ ಸಂಜೆಯೊಳಗೆ ಇನ್ನೂ ಒಂಬತ್ತು ಜೊತೆ ಇದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಯ ಜೊತೆ ಮಾತಾಡಿದಂತಿತ್ತು. ನಾನು ಹೊರಟೆ.

ಆ ತಿಂಗಳೇ ಜಿಮ್ಮಿನ ಕೆಲಸ ಬಿಟ್ಟೆ. ಈಗ ಒಂದು ಬಾಡಿಗೆ ಹಜಾರದಲ್ಲಿ ನಾನೇ ಕಲಿಸುತ್ತೇನೆ. ಹೊಸಬರು ಬಂದರೆ ಮೊದಲು ಏನು ಎತ್ತಬೇಕಾಗಿದೆ ಎಂದು ಕೇಳುತ್ತೇನೆ. ಬಹುಪಾಲು ಮಂದಿ ಏನೂ ಇಲ್ಲ ಎನ್ನುತ್ತಾರೆ. ಅವರಿಗೆ ಯಾವುದರಿಂದ ಶುರುಮಾಡಿದರೂ ನಡೆಯುತ್ತದೆ. ಕನ್ನಡಕದಕ್ಕ ನನ್ನ ಹಜಾರಕ್ಕೆ ಬಂದಿಲ್ಲ. ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಕಂಡಳು. ಭುಜ ಇನ್ನೂ ಹಾಗೆಯೇ ಅಗಲವಾಗಿದೆ, ಬೆನ್ನು ಮತ್ತೆ ಬಾಗುತ್ತಿದೆ. ಹೇಗಿದೀರಿ ಅಕ್ಕ ಎಂದೆ. ಚೆನ್ನಾಗಿದೀನಿ ಎಂದಳು. ಬಸ್ಸು ಬಂತು, ಹತ್ತಿದಳು.